ಒರೆಗಲ್ಲು ಕೇಳಿದರೆ ಕೋಪಿಸಿಕೊಳ್ಳದವರ ಹತ್ತಿರ ಕೊಳ್ಳಿ

ನಮ್ಮ ಮನೆಯ ಷೋಕೇಸಿನಲ್ಲಿ ನಿಂಬೆಹಣ್ಣಿನ ಗಾತ್ರದ ಒಂದು ಕಲ್ಲಿದೆ. ಹಳದಿ ಬಣ್ಣ, ಚೌಕ ಚೌಕ ಮುಖ, ದೀಪ ಹಾಕಿದರೆ ಫಳಫಳ. ಮನೆಗೆ ಬಂದವರಲ್ಲಿ ಮುಕ್ಕಾಲು ಜನ "ಇದು ಚಿನ್ನದ ಅದಿರಾ ಆಂಟಿ?" ಅಂತ ಕೇಳುತ್ತಾರೆ. ಅಲ್ಲಪ್ಪಾ, ಅದು ಪೈರೈಟ್. ಕಬ್ಬಿಣ, ಗಂಧಕ ಸೇರಿ ಆದ ಕಲ್ಲು. ನಮ್ಮಪ್ಪ ಕೋಲಾರದ ಚಿನ್ನದ ಗಣಿಯಲ್ಲಿ ಅದಿರು ಪರೀಕ್ಷೆ ಮಾಡುವ ಆಫೀಸಿನಲ್ಲಿದ್ದರು. ನಿಜವಾಗಿ ಚಿನ್ನ ಇರುತ್ತಿದ್ದ ಕಲ್ಲು ಮಂಕಾಗಿ, ಬೂದು ಬಿಳುಪಾಗಿ, ಬಚ್ಚಲ ಮುಂದೆ ಹಾಸಿದ ಚಪ್ಪಡಿಯ ಹಾಗೆ ಕಾಣುತ್ತಿತ್ತು. ಅದರ ಒಂದು ಚೂರನ್ನೂ ಗೇಟು ದಾಟಿಸುವ ಹಾಗಿರಲಿಲ್ಲ, ಮೈ ತಡವಿ ನೋಡುತ್ತಿದ್ದರು. ಈ ಹೊಳೆಯುವ ಕಲ್ಲನ್ನು ಮಾತ್ರ "ಮಕ್ಕಳಿಗೆ ಕೊಡಿ" ಅಂತ ನಗುತ್ತಾ ಬಿಟ್ಟರಂತೆ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಆಮೇಲೆ ಅಪ್ಪನೂ ಹೋದರು. ಕಲ್ಲು ಉಳಿದಿದೆ.

ನೀವೆಲ್ಲ ನನಗಿಂತ ಓದಿದವರು, ಬುದ್ಧಿವಂತರು. ಆದರೆ ಒಡವೆ ಅಂಗಡಿಯ ದೀಪದ ಕೆಳಗೆ ನಿಂತ ಕೂಡಲೇ ಎಲ್ಲ ಮರೆತುಬಿಡುತ್ತೀರಿ. ಅದಕ್ಕೇ ಬರೆದಿಟ್ಟಿದ್ದೇನೆ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಳ್ಳಿ.

ಮನೆ ಬಿಡುವ ಮುಂಚೆ

• ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಹಸಿದಾಗ ಮನುಷ್ಯ "ಸರಿ, ಇದನ್ನೇ ಪ್ಯಾಕ್ ಮಾಡಿ" ಅಂದುಬಿಡುತ್ತಾನೆ.

• ಕನ್ನಡಕ ಮರೆಯಬೇಡಿ. ಒಡವೆಯ ಮೇಲಿನ ಗುರುತು ಸಾಸಿವೆಗಿಂತ ಚಿಕ್ಕದಾಗಿರುತ್ತದೆ. ಅಂಗಡಿಯವರ ಹತ್ತಿರ ಭೂತಗನ್ನಡಿ ಇರುತ್ತದೆ, ನಾಚಿಕೊಳ್ಳದೆ ಕೇಳಿ.

• ಚೀಲದಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಳ್ಳಿ. ಹಳೆಯ ಪರ್ಸಿನ ಗುಂಡಿಯಲ್ಲಿರುವುದಾದರೂ ಸಾಕು. ಯಾವುದಕ್ಕೆ ಅಂತ ಮುಂದೆ ಹೇಳುತ್ತೇನೆ.

• ಮದುವೆಯ ಒಡವೆಯನ್ನು ಮದುವೆ ವಾರದಲ್ಲಿ ಕೊಳ್ಳಬೇಡಿ. ಅವಸರ ನಿಮ್ಮದಾದರೆ ಬೆಲೆ ಅವರದ್ದಾಗುತ್ತದೆ.

ಚಿನ್ನದ ಹತ್ತಿರ

• ಮೂರು ಗುರುತು ನೋಡಿ. ಮೊದಲನೆಯದು ಬಿಐಎಸ್‌ನ ತ್ರಿಕೋನ, ಎರಡನೆಯದು 22ಕೆ916 ಅಂತ ಶುದ್ಧತೆ, ಮೂರನೆಯದು ಅಕ್ಷರ, ಅಂಕಿ ಸೇರಿದ ಆರರ ಎಚ್‌ಯುಐಡಿ ಸಂಖ್ಯೆ. ಹಾಲ್‌ಮಾರ್ಕ್ ಕಡ್ಡಾಯವಿರುವ ಜಿಲ್ಲೆಗಳಲ್ಲಿ 2023ರ ಏಪ್ರಿಲ್ 1ರಿಂದ ಈ ಆರರ ಸಂಖ್ಯೆ ಇಲ್ಲದೆ ಮಾರುವ ಹಾಗಿಲ್ಲ. ಎರಡೇ ಗುರುತು ತೋರಿಸಿ "ಇದೂ ಹಾಲ್‌ಮಾರ್ಕೇ ಮೇಡಂ" ಅಂದರೆ ಎದ್ದು ಬನ್ನಿ.

• ಆ ಸಂಖ್ಯೆಯನ್ನು ಕೌಂಟರಿನಲ್ಲೇ ಬಿಐಎಸ್ ಕೇರ್ ಆ್ಯಪಿಗೆ ಹಾಕಿ ನೋಡಿ. ಒಡವೆ ಯಾವುದು, ಶುದ್ಧತೆ ಎಷ್ಟು ಅಂತ ಬರುತ್ತದೆ. ಕೈಯಲ್ಲಿ ಬಳೆ, ಆ್ಯಪಿನಲ್ಲಿ ಉಂಗುರ ಅಂತ ಬಂದರೆ ಯಾರದೋ ಸಂಖ್ಯೆ ನಿಮ್ಮ ಬಳೆಗೆ ಬಂದು ಕೂತಿದೆ ಅಂತ ಅರ್ಥ.

• ಮೂಗುಬೊಟ್ಟಿಗೆ ಗುರುತಿಲ್ಲ ಅಂತ ಜಗಳ ಆಡಬೇಡಿ. 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ಹಾಲ್‌ಮಾರ್ಕ್ ಕಡ್ಡಾಯವಿಲ್ಲ. ಆದರೆ ಬಿಲ್ ಬಿಡಬೇಡಿ, ಚಿಕ್ಕ ವಸ್ತುವಿನಲ್ಲೇ ನಾವು ಅಸಡ್ಡೆ ಮಾಡುವುದು.

• ಕಲ್ಲಿನ ತೂಕ ಕಳೆದು ಚಿನ್ನದ ತೂಕ ಬೇರೆ ಬರೆಸಿ. ಹಾಗೆ ಬರೆಸದಿದ್ದರೆ ಗಾಜಿನ ಹರಳಿಗೂ ಚಿನ್ನದ ದರ ಕೊಟ್ಟು ಬರುತ್ತೀರಿ. ಮಾರಲು ಹೋದ ದಿನ ಆ ಹರಳನ್ನು ಚಿಮುಟದಿಂದ ಕಿತ್ತು ನಿಮ್ಮ ಅಂಗೈಯಲ್ಲಿ ಇಡುತ್ತಾರೆ.

• ಹಳೆಯ ಟೊಳ್ಳು ಒಡವೆಗೆ ಒಳಗೆ ಅರಗು ತುಂಬಿರುತ್ತಾರೆ, ನೆನಪಿಡಿ. ನಮ್ಮತ್ತೆಯ ಕಡಗ ಕೈಗೆ ಭಾರವಾಗಿತ್ತು, ಮನೆಯವರೆಲ್ಲ ಅದರ ಮೇಲೆ ಲೆಕ್ಕ ಹಾಕಿಕೊಂಡಿದ್ದರು. ಬೆಂಕಿಗೆ ಹಿಡಿದಾಗ ಕಪ್ಪು ಅರಗು ತೊಟತೊಟ ಇಳಿಯಿತು. ಅತ್ತೆಗೆ ಯಾರೂ ಮೋಸ ಮಾಡಿರಲಿಲ್ಲ, ಆಗಿನ ಕೆಲಸವೇ ಹಾಗೆ. ಲೆಕ್ಕ ಹಾಕಿದ ನಾವೇ ದಡ್ಡರು.

• ಬಿಲ್ಲಿನ ಫೋಟೋ ಅವತ್ತೇ ತೆಗೆದಿಡಿ. ಈಗಿನ ನುಣುಪು ಕಾಗದದ ಬಿಲ್ ಬೀರುವಿನಲ್ಲಿಟ್ಟರೂ ಎರಡು ಬೇಸಿಗೆ ಕಳೆಯುವಷ್ಟರಲ್ಲಿ ಬೆಳ್ಳಗಾಗಿಬಿಡುತ್ತದೆ.

• ಹಾಲ್‌ಮಾರ್ಕ್ ಒಡವೆಯಲ್ಲಿ ಶುದ್ಧತೆ ಕಡಿಮೆ ಬಂದರೆ ಸುಮ್ಮನಿರಬೇಡಿ. ಕೊರತೆ ಬಿದ್ದಷ್ಟರ ಎರಡರಷ್ಟು ಹಣ, ಜೊತೆಗೆ ಪರೀಕ್ಷೆಯ ಖರ್ಚು ಕೇಳಲು 2018ರ ನಿಯಮದಲ್ಲೇ ಹಕ್ಕಿದೆ. ಬಿಲ್ ಇದ್ದರೆ ತಾನೇ ಕೇಳುವುದು? ಅದಕ್ಕೇ ಫೋಟೋ ಅಂದಿದ್ದು.

• ಕಚ್ಚಿ ನೋಡಬೇಡಿ. ಸೀಸವೂ ಹಲ್ಲಿನ ಗುರುತು ತೆಗೆದುಕೊಳ್ಳುತ್ತದೆ. ನಿಮ್ಮ ಹಲ್ಲಿಗೆ ಕ್ಯಾಪ್ ಹಾಕಿಸಲು ಎಷ್ಟಾಗುತ್ತದೆ ಅಂತ ಗೊತ್ತಲ್ಲ?

• ಅಯಸ್ಕಾಂತ ಹಿಡಿದರೆ ನಕಲಿ ಅಂತ ತಿಳಿಯಿರಿ. ಹಿಡಿಯದಿದ್ದರೆ ಅಸಲಿ ಅಂತ ತಿಳಿಯಬೇಡಿ. ತಾಮ್ರ, ಹಿತ್ತಾಳೆಯನ್ನೂ ಅದು ಹಿಡಿಯುವುದಿಲ್ಲ.

• ಹಳೆಯ ಒಡವೆ ಇದ್ದರೆ ಒರೆಗಲ್ಲಿಗೆ ಹಚ್ಚಿ ತೋರಿಸಿ ಅಂತ ಕೇಳಿ. ಕರಿ ಕಲ್ಲಿನ ಮೇಲೆ ನಿಮ್ಮದೊಂದು ಗೆರೆ, ಶುದ್ಧತೆ ಗೊತ್ತಿರುವ ಚಿನ್ನದ್ದೊಂದು ಗೆರೆ, ಮೇಲೆ ಒಂದು ಹನಿ ಆಸಿಡ್. ಕಳಪೆಯ ಗೆರೆ ಮಾಸಿಹೋಗುತ್ತದೆ. ಒಳ್ಳೆಯ ಅಕ್ಕಸಾಲಿಗ ಕೇಳುವ ಮೊದಲೇ ಕಲ್ಲು ತೆಗೆಯುತ್ತಾನೆ. "ನಮ್ಮ ಮೇಲೆ ನಂಬಿಕೆ ಇಲ್ಲವಾ?" ಅಂತ ಮುಖ ಊದಿಸಿದರೆ ನಿಮ್ಮ ಉತ್ತರ ಅಲ್ಲೇ ಸಿಕ್ಕಿತು.

• ಮಕ್ಕಳು ಬೆಟ್ಟದಿಂದ ಹೊಳೆಯುವ ಕಲ್ಲು ತಂದರೆ ಬೈಯಬೇಡಿ, ಒಂದು ಆಟ ಹೇಳಿಕೊಡಿ. ಪಿಂಗಾಣಿ ಬಟ್ಟಲಿನ ಅಡಿಯಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ಕಲ್ಲನ್ನು ಉಜ್ಜಲಿ. ಪೈರೈಟ್ ಆದರೆ ಹಸಿರುಗಪ್ಪು ಗೆರೆ, ಚಿನ್ನವಾದರೆ ಹಳದಿ ಗೆರೆ. ಉಗುರಿಗೆ ಈರುಳ್ಳಿ ಸಿಪ್ಪೆಯ ಹಾಗೆ ಪದರ ಪದರ ಎದ್ದರೆ ಅದು ಅಭ್ರಕ, ನಮ್ಮ ಹಿರಿಯರ ಕಾಗೆ ಬಂಗಾರ. ನಾನು ಏಳು ವರ್ಷದವಳಿದ್ದಾಗ ಅಮ್ಮನ ಬಟ್ಟಲಿನ ಅಡಿಗೆಲ್ಲ ಮಸಿ ಗೆರೆ ಎಳೆದು ಏಟು ತಿಂದಿದ್ದೆ. ಪಾಠ ಮಾತ್ರ ಮರೆತಿಲ್ಲ.

ಬೆಳ್ಳಿ, ತಾಮ್ರ

• ಹೆಸರು ಕೇಳಿ ಮರುಳಾಗಬೇಡಿ. ಜರ್ಮನ್ ಸಿಲ್ವರ್‌ನಲ್ಲಿ ಬೆಳ್ಳಿ ಇಲ್ಲ, ತಾಮ್ರ, ಸತು, ನಿಕ್ಕಲ್ ಇದೆ. ಅಮೆರಿಕನ್ ಡೈಮಂಡ್‌ನಲ್ಲಿ ಡೈಮಂಡ್ ಇಲ್ಲ. ಕಾಗೆ ಬಂಗಾರದಲ್ಲಿ ಬಂಗಾರವೂ ಇಲ್ಲ, ಕಾಗೆಯೂ ಇಲ್ಲ.

• ಹಳೆಯ ದೀಪ, ಚೊಂಬು ಕೊಳ್ಳುವಾಗ ಹೊಟ್ಟೆಯ ಹೊಳಪು ನೋಡಬೇಡಿ, ಬುಡ ನೋಡಿ. ನೆಲಕ್ಕೆ ತಾಗುವ ಅಂಚು, ಹಿಡಿಯ ಒಳಮಗ್ಗುಲು, ಇವು ಸವೆಯುವ ಜಾಗ. ಬೆಳ್ಳಿ ನೀರು ಹಿಡಿಸಿದ್ದಾದರೆ ಅಲ್ಲಿ ಕೆಂಪೋ ಹಳದಿಯೋ ಇಣುಕುತ್ತದೆ.

• ಬೆಳ್ಳಿ ಕಪ್ಪಾಯಿತು ಅಂತ ಅಂಗಡಿಯವರನ್ನು ಬೈಯಬೇಡಿ. ಗಾಳಿಯಲ್ಲಿನ ಗಂಧಕ ತಾಗಿ ಅಸಲಿ ಬೆಳ್ಳಿಯೂ ಕಪ್ಪಾಗುತ್ತದೆ.

• ಅದನ್ನು ಟೂತ್‌ಪೇಸ್ಟು, ಪಾತ್ರೆ ಪುಡಿ ಹಾಕಿ ಗಸಗಸ ತಿಕ್ಕಬೇಡಿ, ಪ್ರತಿ ಶುಕ್ರವಾರ ಒಂದಿಷ್ಟು ಬೆಳ್ಳಿ ಮೋರಿಗೆ ಹೋಗುತ್ತದೆ. ಪಾತ್ರೆಯಲ್ಲಿ ಅಲ್ಯೂಮಿನಿಯಂ ಹಾಳೆ ಹಾಸಿ, ಅದಕ್ಕೆ ತಾಗುವ ಹಾಗೆ ಬೆಳ್ಳಿ ಇಟ್ಟು, ಬಿಸಿನೀರು, ಅಡುಗೆ ಸೋಡಾ ಹಾಕಿ. ಕಪ್ಪು ತಾನೇ ಬಿಡುತ್ತದೆ. ಹರಳು ಕೂರಿಸಿದ್ದನ್ನು ಮಾತ್ರ ಮುಳುಗಿಸಬೇಡಿ.

• ತಾಮ್ರದ ಬಾಟಲಿಗೆ ಅಯಸ್ಕಾಂತ ಹಿಡಿದು ನೋಡಿ. ಕಬ್ಬಿಣದ ಮೇಲೆ ತಾಮ್ರದ ಲೇಪ ಹಾಕಿದ್ದರೆ ಟಕ್ ಅಂತ ಅಂಟಿಕೊಳ್ಳುತ್ತದೆ. ನಾನು ಒಂದು ಜಾತ್ರೆಯಲ್ಲಿ ಹೀಗೆ ಮಾಡಿದಾಗ ಅಂಗಡಿಯವನು "ಅಮ್ಮಾ, ಸ್ವಲ್ಪ ಮೆಲ್ಲಗೆ, ಬೇರೆ ಗಿರಾಕಿ ಇದ್ದಾರೆ" ಅಂದ.

ಹರಳು, ಮುತ್ತು, ಕಲ್ಲು

• ಕ್ಯಾರೆಟ್ ಅನ್ನುವ ಮಾತು ಎರಡಿವೆ, ಗೊಂದಲ ಮಾಡಿಕೊಳ್ಳಬೇಡಿ. ಚಿನ್ನಕ್ಕೆ ಅದು ಶುದ್ಧತೆ, 24ರಲ್ಲಿ ಎಷ್ಟು ಭಾಗ ಅಂತ. ಹರಳಿಗೆ ಅದು ತೂಕ, ಒಂದು ಕ್ಯಾರೆಟ್ ಅಂದರೆ 0.2 ಗ್ರಾಂ.

• ವಜ್ರವನ್ನು ಸುತ್ತಿಗೆಯಲ್ಲಿ ಹೊಡೆದು ಪರೀಕ್ಷೆ ಮಾಡಬೇಡಿ. ಗೀರು ಬೀಳುವುದಿಲ್ಲ ನಿಜ, ಆದರೆ ಪೆಟ್ಟಿಗೆ ಸೀಳುತ್ತದೆ. ಗಟ್ಟಿ ಇರುವುದು ಬೇರೆ, ಏಟು ತಡೆಯುವುದು ಬೇರೆ. ಕೆಲವು ಗಟ್ಟಿ ಹೆಂಗಸರೂ ಹಾಗೇ ಇರುತ್ತಾರೆ, ಅವರ ಮೇಲೆ ಸುತ್ತಿಗೆ ಎತ್ತಬೇಡಿ.

• ಲ್ಯಾಬಿನಲ್ಲಿ ಬೆಳೆಸಿದ ವಜ್ರವೂ ವಜ್ರವೇ. ಅಲ್ಲೂ ಅದೇ ಇಂಗಾಲ, ಅದೇ ಗಟ್ಟಿತನ. ಆದರೆ ಬೆಲೆ ತುಂಬ ಕಡಿಮೆ. ಅದನ್ನು ಲ್ಯಾಬಿನದು ಅಂತ ಹೇಳಿ ಕೊಟ್ಟರೆ ಖುಷಿಯಾಗಿ ಹಾಕಿಕೊಳ್ಳಿ. ಗಣಿಯದು ಅಂತ ಹೇಳಿ ಕೊಟ್ಟರೆ ಮಾತ್ರ ಮೋಸ.

• ದುಬಾರಿ ಹರಳಿಗೆ ಅಂಗಡಿಯವರದಲ್ಲದ ಬೇರೆ ಲ್ಯಾಬಿನ ಸರ್ಟಿಫಿಕೇಟ್ ಕೇಳಿ. ಮಾರುವವರೇ ಬರೆದುಕೊಟ್ಟ ಚೀಟಿ ಅಂದರೆ ಹುಡುಗನ ಗುಣವನ್ನು ಅವನ ತಾಯಿಯ ಹತ್ತಿರ ಕೇಳಿದ ಹಾಗೆ.

• ಮುತ್ತನ್ನು ಹಲ್ಲಿನ ತುದಿಗೆ ಮೆಲ್ಲಗೆ ಉಜ್ಜಿ. ಅಸಲಿಯಾದರೆ ಸಣ್ಣ ಮರಳಿನ ಹಾಗೆ ಕರಕರ, ಪ್ಲಾಸ್ಟಿಕ್ ಅಥವಾ ಗಾಜು ನುಣ್ಣಗೆ ಜಾರುತ್ತದೆ. ಪೋಣಿಸುವ ತೂತಿನ ಅಂಚನ್ನೂ ನೋಡಿ, ನಕಲಿಯ ಬಣ್ಣ ಅಲ್ಲೇ ಮೊದಲು ಸುಲಿಯುವುದು.

• ಮುತ್ತಿನ ಸರವನ್ನು ಸೆಂಟು, ಪೌಡರ್ ಎಲ್ಲ ಆದ ಮೇಲೆ ಹಾಕಿಕೊಳ್ಳಿ, ಬಂದ ಕೂಡಲೇ ಮೊದಲು ಅದನ್ನೇ ತೆಗೆಯಿರಿ. ಬೆವರು, ಸೆಂಟು ತಾಗಿದರೆ ಎಂಥ ಮುತ್ತೂ ಮಂಕಾಗುತ್ತದೆ.

• ಕೆಂಪಿನ ಉಂಗುರ ಹಾಕಿಕೊಂಡು ಚಿತ್ರಾನ್ನಕ್ಕೆ ನಿಂಬೆಹಣ್ಣು ಹಿಂಡಬೇಡಿ. ಅಗ್ಗಕ್ಕೆ ಸಿಗುವ ಎಷ್ಟೋ ಮಾಣಿಕ್ಯಗಳಲ್ಲಿ ಬಿರುಕಿಗೆ ಗಾಜು ತುಂಬಿರುತ್ತಾರೆ. ನಿಂಬೆ ರಸ ಆ ಗಾಜನ್ನು ತಿಂದು ಬಿರುಕು ಎದ್ದು ಕಾಣುತ್ತದೆ.

• ಪಚ್ಚೆಯನ್ನು ಬಿಸಿನೀರು, ಸೋಪಿನಲ್ಲಿ ನೆನೆಸಬೇಡಿ. ಅದರ ಬಿರುಕು ಕಾಣದ ಹಾಗೆ ಎಣ್ಣೆ ಕುಡಿಸಿರುತ್ತಾರೆ. ಎಣ್ಣೆ ಹೋದರೆ ಕಳೆಯೂ ಹೋಗುತ್ತದೆ.

• ಸ್ಫಟಿಕದ ಮಾಲೆಯನ್ನು ಕೆನ್ನೆಗೆ ಇಟ್ಟು ನೋಡಿ. ಸ್ಫಟಿಕ ತಣ್ಣಗೇ ಇರುತ್ತದೆ, ಗಾಜು ಬೇಗ ಬೆಚ್ಚಗಾಗುತ್ತದೆ. ಬೆಳಕಿಗೆ ಹಿಡಿದಾಗ ಒಳಗೆ ಗುಂಡು ಗುಂಡು ಗಾಳಿ ಗುಳ್ಳೆ ಕಂಡರೆ ಅದು ಗಾಜೇ.

• ಅಡುಗೆಮನೆಗೆ ಕರಿ ಗ್ರಾನೈಟ್ ಆರಿಸುವಾಗ ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ದ್ರವ ಹಾಕಿ ಒಂದು ಮೂಲೆ ಒರೆಸಿ. ಬಟ್ಟೆ ಕಪ್ಪಾದರೆ ಕಲ್ಲಿಗೆ ಬಣ್ಣ ಬಳಿದಿದ್ದಾರೆ. ನಿಮ್ಮ ದೋಸೆ ಹಿಟ್ಟಿನ ಪಕ್ಕ ಆ ಬಣ್ಣ ಯಾಕೆ?

• ಕೆತ್ತಿದ ಕಲ್ಲಿನ ಗಣಪ ಅಂತ ಕೊಡುವಾಗ ಹಿಂದೆ ತಿರುಗಿಸಿ ನೋಡಿ. ಅಚ್ಚಿನಲ್ಲಿ ಎರೆದಿದ್ದಾದರೆ ಬದಿಯಲ್ಲಿ ಜೋಡಣೆಯ ಗೆರೆ, ಅಡಿಯಲ್ಲಿ ಗುಳ್ಳೆ ಇರುತ್ತದೆ. ಸಾಲಾಗಿ ಇಟ್ಟ ಹತ್ತು ಗಣಪಗಳ ಸೊಂಡಿಲು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ತಿರುಗಿದ್ದರೆ ಉಳಿ ಮುಟ್ಟಿಲ್ಲ ಅಂತ ತಿಳಿಯಿರಿ.

• ಮೆದು ಕಲ್ಲು ಅಂತ ಕಡೆಗಣಿಸಬೇಡಿ. ಬಳಪದ ಕಲ್ಲಿಗೆ ಉಗುರು ತಾಗಿದರೂ ಗೀರು ಬೀಳುತ್ತದೆ, ಆದರೆ ಬೇಲೂರು ಹಳೇಬೀಡಿನ ಕೆತ್ತನೆ ಆ ಜಾತಿಯ ಮೆದು ಕಲ್ಲಿನಲ್ಲೇ ಆಗಿದ್ದು. ಉಳಿಗೆ ಬಗ್ಗಿದ್ದರಿಂದಲೇ ಅಷ್ಟು ಕುಸುರಿ ಸಾಧ್ಯವಾಯಿತು.

ಬಾಗಿಲಿಗೆ ಬಂದವರು

• ಪಾಲಿಶ್ ಮಾಡಿಕೊಡುತ್ತೇವೆ ಅಂತ ಮನೆಗೆ ಬಂದವರಿಗೆ ಗೇಟು ತೆರೆಯಬೇಡಿ. ನಾನೇ ತೆರೆದಿದ್ದೆ, ಇನ್ನು ನಿಮಗೇನು ಹೇಳಲಿ! ಇಬ್ಬರು ಹುಡುಗರು, ಇಸ್ತ್ರಿ ಮಾಡಿದ ಅಂಗಿ. ಮೊದಲು ದೇವರ ಮನೆಯ ಹಿತ್ತಾಳೆ ದೀಪ ತಿಕ್ಕಿ ಕನ್ನಡಿ ಮಾಡಿಕೊಟ್ಟರು. ಆಮೇಲೆ ನನ್ನ ಎರಡು ಬಳೆ ಬಟ್ಟಲಿಗೆ ಹಾಕಿ, ಏನೋ ನೀರು ಸುರಿದು, ಅರಿಶಿನ ಉದುರಿಸಿ, "ಅರ್ಧ ಗಂಟೆ ಮುಚ್ಚಳ ತೆಗೀಬೇಡಿ ಅಮ್ಮಾ" ಅಂತ ಹೇಳಿ ಮುಚ್ಚಿದ ಬಟ್ಟಲು ಕೊಟ್ಟು ಹೋದರು, ಆ ನೀರನ್ನು ಮೊದಲೇ ತಮ್ಮ ಡಬ್ಬಿಗೆ ಬಗ್ಗಿಸಿಕೊಂಡು. ಬಳೆ ಹೊಳೆಯುತ್ತಿತ್ತು, ಕೈಗೆ ಹಗುರವಾಗಿತ್ತು. ಆ ನೀರು ಚಿನ್ನ ತಿನ್ನುವ ಆಸಿಡ್. ಅಪ್ಪ ಆಗ ಇದ್ದರು. ಬೈಯಲಿಲ್ಲ, ಷೋಕೇಸಿನ ಕಲ್ಲನ್ನು ತಂದು ನನ್ನ ಮುಂದೆ ಇಟ್ಟರು ಅಷ್ಟೆ.

• ಪಾಯ ಅಗೆಯುವಾಗ ಚಿನ್ನದ ನಾಣ್ಯ ಸಿಕ್ಕಿದೆ, ಅರ್ಧ ಬೆಲೆಗೆ ಕೊಡುತ್ತೇನೆ ಅನ್ನುವ ಫೋನು ಬಂದರೆ ಇಟ್ಟುಬಿಡಿ. ಪರೀಕ್ಷೆಗೆ ಕೊಡುವ ಒಂದು ನಾಣ್ಯ ಅಸಲಿಯೇ ಆಗಿರುತ್ತದೆ, ಗಂಟಿನಲ್ಲಿರುವುದು ಹಿತ್ತಾಳೆ. ಪತ್ರಿಕೆಯಲ್ಲಿ ಎಷ್ಟು ಸಲ ಬಂದರೂ ಜನ ದುಡ್ಡು ಕಟ್ಟಿಕೊಂಡು ಹೋಗುತ್ತಲೇ ಇದ್ದಾರೆ. ಅತಿ ಆಸೆ ಗತಿ ಕೇಡು.

• ಅಕ್ಕಿ ಎಳೆಯುವ ಇರಿಡಿಯಂ ಚೊಂಬು, ಕೋಟಿ ಬೆಲೆ ಅಂತ ಯಾರಾದರೂ ಹೇಳಿದರೆ ಅವರಿಗೆ ಕಾಫಿಯನ್ನೂ ಕೊಡಬೇಡಿ. ಯಾವ ಲೋಹವೂ ಅಕ್ಕಿಯನ್ನು ಎಳೆಯುವುದಿಲ್ಲ. ಅಕ್ಕಿ ಎಳೆಯುವುದು ಇಲಿ.

• "ಇವತ್ತೇ, ಈಗಲೇ, ಯಾರಿಗೂ ಹೇಳಬೇಡಿ." ಈ ಮೂರು ಮಾತು ಒಟ್ಟಿಗೆ ಬಂದರೆ ಚಿನ್ನವಿರಲಿ, ಸೈಟಿರಲಿ, ಬ್ಯಾಂಕಿನ ಹೆಸರಲ್ಲಿ ಬಂದ ಫೋನಿರಲಿ, ಎದ್ದು ಹೋಗಿ ಮುಖ ತೊಳೆದುಕೊಂಡು ಬನ್ನಿ. ಅಸಲಿಗೆ ನಾಳೆಯೂ ಬೆಲೆ ಇರುತ್ತದೆ. ಅವಸರ ಇರುವುದು ನಕಲಿಗೆ.

ಇನ್ನು ಮನುಷ್ಯರ ವಿಷಯ

• ಸಂಬಂಧ ನೋಡಲು ಹೋದಾಗ ಒಂದು ಸಲಕ್ಕೆ ಮುಗಿಸಬೇಡಿ. ಎರಡನೇ ಸಲ, ಕೇಸರಿಬಾತ್ ಮಾಡದ ದಿನ ಹೋಗಿ. ಆ ಮನೆಯವರು ಒಬ್ಬರನ್ನೊಬ್ಬರು ಹೇಗೆ ಕೂಗುತ್ತಾರೆ ಅಂತ ಕಿವಿಗೊಡಿ. ದೀಪದ ಬುಡ ನೋಡಿ ಅಂದೆನಲ್ಲ, ಸಂಸಾರ ಸವೆಯುವ ಜಾಗವೂ ಅದೇ.

• ದೊಡ್ಡ ಸಾಲ ಕೊಡುವ ಮುಂಚೆ ಚಿಕ್ಕ ಸಾಲದ ನಡತೆ ನೋಡಿ. ಒಂದು ಲೋಟ ಕಾಫಿಪುಡಿ, ಒಂದು ಟಿಫನ್ ಡಬ್ಬಿ ನೆನಪಿಟ್ಟು ತಂದುಕೊಟ್ಟವರು ದುಡ್ಡನ್ನೂ ತರುತ್ತಾರೆ. ಇಲ್ಲದಿದ್ದರೆ ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

• ಹೊಗಳಿಕೆಯನ್ನು ಉಗುರಿನಿಂದ ಕೆರೆದು ನೋಡಿ. "ನಿಮ್ಮಂಥೋರು ಇಲ್ಲ" ಅಂದವರ ಹತ್ತಿರ ಒಂದು ಸಣ್ಣ ಕೆಲಸ ಹೇಳಿ. ಕಾಗೆ ಬಂಗಾರವಾದರೆ ಅಲ್ಲೇ ಪದರ ಏಳುತ್ತದೆ.

• ಮಂಕಾಗಿ ಕಾಣುವವರನ್ನು ತಳ್ಳಿಹಾಕಬೇಡಿ. ಪಿತ್ತಕೋಶದ ಕಲ್ಲು ತೆಗೆಸಲು ನಾನು ಆಸ್ಪತ್ರೆಯಲ್ಲಿದ್ದಾಗ (ಎಲ್ಲ ಕಲ್ಲಿಗೂ ಬೆಲೆ ಇರುವುದಿಲ್ಲ ನೋಡಿ) ಹೂಗುಚ್ಛ ಹಿಡಿದು ಹತ್ತು ಜನ ಬಂದರು, ಫೋಟೋ ತೆಗೆದುಕೊಂಡರು. ರಾತ್ರಿ ಎರಡು ಗಂಟೆಗೆ ಬಾಯಿ ಒಣಗಿದಾಗ ಚಮಚದಲ್ಲಿ ನೀರು ಹಾಕಿದ್ದು ನನ್ನ ಓರಗಿತ್ತಿ. ಮೂವತ್ತು ವರ್ಷ ಅವಳನ್ನು "ಮಾತೇ ಬರದವಳು" ಅಂದುಕೊಂಡಿದ್ದೆ.

• ಒಬ್ಬರ ಬೆಲೆ ತಿಳಿಯಲು ಕಷ್ಟದ ದಿನದವರೆಗೆ ಕಾಯಿರಿ. ಅಪ್ಪನ ಆಫೀಸಿನಲ್ಲಿ ಅದಿರಿನ ಪುಡಿಗೆ ಸೀಸ ಸೇರಿಸಿ ಕರಗಿಸಿ, ಆ ಸೀಸದ ಗುಂಡನ್ನು ಮೂಳೆ ಬೂದಿಯ ಬಟ್ಟಲಿನಲ್ಲಿಟ್ಟು ಕುಲುಮೆಗೆ ಹಾಕುತ್ತಿದ್ದರು. ಸೀಸವನ್ನೆಲ್ಲ ಬಟ್ಟಲು ಹೀರಿಕೊಂಡು, ಕೊನೆಗೆ ಸಾಸಿವೆಯಷ್ಟು ಮಣಿ ಉಳಿಯುತ್ತಿತ್ತು. ಪುಟಕ್ಕಿಟ್ಟ ಚಿನ್ನ ಅಂತ ಬಾಯಿಮಾತಿಗೆ ಅನ್ನುತ್ತೇವಲ್ಲ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ.

• ಒಂದು ಗ್ರಾಂ ಗೋಲ್ಡ್ ಸರ ಹಾಕಿಕೊಂಡು ಮದುವೆಗೆ ಹೋಗಲು ನಾಚಬೇಡಿ. ಬಸ್ಸಿನಲ್ಲಿ ನಿದ್ದೆ ಬರುತ್ತದೆ, ಅದೇ ಲಾಭ. "ಚಿನ್ನದ್ದಾ?" ಅಂತ ಕೇಳಿದರೆ "ಅಲ್ಲ ಕಣೇ" ಅಂದುಬಿಡಿ. ನಕಲಿ ಹಾಕಿಕೊಳ್ಳುವುದು ತಪ್ಪಲ್ಲ, ಅಸಲಿ ಅಂತ ಹೇಳುವುದು ತಪ್ಪು.

• ಯಾರಲ್ಲೂ 24 ಕ್ಯಾರೆಟ್ ಹುಡುಕಬೇಡಿ. ಅಪರಂಜಿ ಚಿನ್ನ ಮೆದು, ದಿನವೂ ಹಾಕುವ ಬಳೆಗೆ ಬಾಳಿಕೆ ಬರುವುದಿಲ್ಲ. ತಾಮ್ರವೋ ಬೆಳ್ಳಿಯೋ ಎರಡು ಭಾಗ ಸೇರಿದರೇ ಗಟ್ಟಿ. ಗಂಡನಲ್ಲಿ, ಸೊಸೆಯಲ್ಲಿ, ಗೆಳತಿಯಲ್ಲಿ ಆ ಎರಡು ಭಾಗ ಕಂಡಾಗ ಮುಖ ಗಂಟು ಹಾಕಿಕೊಳ್ಳಬೇಡಿ. ನಿಮ್ಮಲ್ಲೂ ಇದೆ.

• ಕೊನೆಯದಾಗಿ, ಒಮ್ಮೆ ಒರೆಗೆ ಹಚ್ಚಿ ಸರಿ ಅಂತ ಕಂಡ ಮೇಲೆ ಮತ್ತೆ ಮತ್ತೆ ಹಚ್ಚಬೇಡಿ. ಕಲ್ಲಿನ ಮೇಲೆ ಉಳಿಯುವ ಆ ಹಳದಿ ಗೆರೆ ಇದೆಯಲ್ಲ, ಅದು ನಿಮ್ಮ ಒಡವೆಯದೇ ಚಿನ್ನ. ದಿನಾ ಅನುಮಾನದಿಂದ ಉಜ್ಜುತ್ತಿದ್ದರೆ ಅಸಲಿಯೂ ಸವೆದು ಹೋಗುತ್ತದೆ. ನೋಡಿ, ಕೊಳ್ಳಿ, ಆಮೇಲೆ ನೆಮ್ಮದಿಯಾಗಿ ಹಾಕಿಕೊಳ್ಳಿ. ಬಿಲ್ಲಿನ ಫೋಟೋ ತೆಗೆದಿರಿ ತಾನೇ?